ಗೆಜ್ಜೆ ಬಿಚ್ಚಿದ ಐದು ತಿಂಗಳು: ಯಕ್ಷಗಾನದಲ್ಲಿ ನಲವತ್ತು ವರ್ಷ ಉಳಿಯುವ ಬಗೆ

ಉತ್ತರ ಕನ್ನಡದಲ್ಲಿ ಯಕ್ಷಗಾನದವರ ವರ್ಷಕ್ಕೆ ಎರಡು ಹೋಳು. ದೀಪಾವಳಿಯ ಆಸುಪಾಸು ತಿರುಗಾಟ ಹೊರಟ ಮೇಳ ಮೇ ಕೊನೆಗೆ, ಮಳೆ ಹಿಡಿಯುವ ಹೊತ್ತಿಗೆ ಪೆಟ್ಟಿಗೆ ಕಟ್ಟುತ್ತದೆ. ಹೊನ್ನಾವರ, ಕುಮಟಾ, ಸಿದ್ದಾಪುರ, ಶಿರಸಿ ಕಡೆಯಿಂದ ಮೇಳ ಸೇರುವ ಹುಡುಗರ ತಲೆಯಲ್ಲಿ ಇರುವುದು ಆಟದ ಏಳು ತಿಂಗಳು ಮಾತ್ರ. ಆದರೆ ಒಬ್ಬ ವೇಷಧಾರಿ ಅರವತ್ತರವರೆಗೆ ನಿಲ್ಲುತ್ತಾನೋ ಮೂವತ್ತೈದಕ್ಕೇ ಮುಗಿಯುತ್ತಾನೋ ಎಂಬುದು ಬಹುಪಾಲು ಉಳಿದ ಐದು ತಿಂಗಳಲ್ಲಿ ಇತ್ಯರ್ಥವಾಗುತ್ತದೆ. ಮೊಣಕಾಲು ರಿಪೇರಿಯಾಗುವುದು, ಹೊಸ ಪಾತ್ರ ಕಲಿಯುವುದು, ಸಾಲ ಏರುವುದು ಅಥವಾ ಇಳಿಯುವುದು, ಕಾಗದಪತ್ರ ಒಟ್ಟಾಗುವುದು ಎಲ್ಲವೂ ಮಳೆಗಾಲದಲ್ಲೇ.

ದೀರ್ಘ ಬಾಳಿಕೆಗೆ ನಮ್ಮಲ್ಲಿ ಎರಡು ಮಾದರಿಗಳು ಕಣ್ಣೆದುರೇ ಇವೆ. ಒಂದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರದ್ದು. 1933ರಲ್ಲಿ ಹುಟ್ಟಿ, 2012ರಲ್ಲಿ ಪದ್ಮಶ್ರೀ ಪಡೆದು, ಎಂಬತ್ತು ದಾಟಿದ ಮೇಲೂ ವೇಷ ಮಾಡಿದವರು. ಒಬ್ಬ ಕಲಾವಿದನ ಮೈಯೇ ಅಲ್ಲಿ ಬಂಡವಾಳ. ಇನ್ನೊಂದು ಕೆರೆಮನೆಯದ್ದು. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ತಲೆಮಾರುಗಳನ್ನು ದಾಟಿ ಗುಣವಂತೆಯಲ್ಲಿ ತರಬೇತಿ ಕೇಂದ್ರ, ರಂಗಮಂದಿರ, ನಾಟ್ಯೋತ್ಸವ ಎಂದು ಬೆಳೆಯಿತು. ಅಲ್ಲಿ ಸಂಸ್ಥೆಯೇ ಬಂಡವಾಳ. ಚಿಟ್ಟಾಣಿಯವರ ಹಾದಿಯನ್ನು ನೋಡಿ ಹೊರಡುವವರೇ ಹೆಚ್ಚು. ಆ ಮೈಕಟ್ಟು ಎಲ್ಲರಿಗೂ ಸಿಗುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಯೋಜನೆ ಹಾಕಿದರೆ ಕ್ಷೇಮ.

ಮೊಣಕಾಲಿನ ಲೆಕ್ಕ

ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಪುಂಡುವೇಷಕ್ಕೆ, ಅಂದರೆ ಎಳೆಯ ವೀರರ ಪಾತ್ರಕ್ಕೆ, ಚಪ್ಪಾಳೆ ಬೀಳುವುದು ಮಂಡಿಗೆ, ಮೊಣಕಾಲೂರಿ ತಿರುಗುವ ಕುಣಿತಕ್ಕೆ. ಅಭಿಮನ್ಯುವೋ ಬಭ್ರುವಾಹನನೋ ರಾತ್ರಿಗೆ ಇಪ್ಪತ್ತು ಸುತ್ತು ಮಂಡಿ ತಿರುಗುತ್ತಾನೆ ಎಂದಿಟ್ಟುಕೊಳ್ಳಿ. ತಿರುಗಾಟದಲ್ಲಿ 150 ರಾತ್ರಿ. ವರ್ಷಕ್ಕೆ 3,000 ಸಲ ಮೈಭಾರವೆಲ್ಲ ಮೊಣಕಾಲ ಚಿಪ್ಪಿನ ಮೇಲೆ ತಿರುಗಿದಂತಾಯಿತು. ಹತ್ತು ವರ್ಷಕ್ಕೆ 30,000. ಮಣ್ಣಿನ ಬಯಲು, ಹಲಗೆಯ ರಂಗಸ್ಥಳ ಸ್ವಲ್ಪವಾದರೂ ಬಳುಕುತ್ತವೆ. ಸಭಾಭವನದ ಸಿಮೆಂಟಿನ ಮೇಲೆ ತೆಳು ಜಮಖಾನೆ ಹಾಸಿದ ವೇದಿಕೆ ಬಳುಕುವುದಿಲ್ಲ. ರಾತ್ರಿಯಿಡೀ ನಡೆಯದೆ ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಆಟಗಳು ಹೆಚ್ಚಿ, ಹಾಲ್‌ಗಳಲ್ಲೇ ಕುಣಿಯುವುದು ಹೆಚ್ಚಾದ ಮೇಲೆ ಈ ತೊಂದರೆ ಬಲವಾಗಿದೆ. ಸಿಮೆಂಟಿನ ವೇದಿಕೆ ಎಂದು ಗೊತ್ತಾದ ದಿನ ಮಂಡಿಯನ್ನು ಅರ್ಧಕ್ಕೆ ಇಳಿಸಿ, ಉಳಿದದ್ದನ್ನು ನಿಂತ ಗಿರ್ಕಿಯಲ್ಲಿ, ಅಭಿನಯದಲ್ಲಿ ತುಂಬಿ. ಹಾಡುವ ಭಾಗವತರಿಗೆ ಚೌಕಿಯಲ್ಲೇ (ಬಣ್ಣದ ಕೋಣೆಯಲ್ಲೇ) ತಿಳಿಸಿ, ಇಲ್ಲವಾದರೆ ಅವರು ಪದ ಎತ್ತಿಕೊಟ್ಟು ಕಾಯುತ್ತಾರೆ.

ಇನ್ನೊಂದು ತಪ್ಪು ಚೌಕಿಯಲ್ಲೇ ಆಗುತ್ತದೆ. ಬಣ್ಣ ಹಚ್ಚಲು, ವೇಷ ಕಟ್ಟಲು ಒಂದೂವರೆ ಎರಡು ಗಂಟೆ ಕಾಲು ಮಡಚಿ ಕೂತು, ಹಾಗೇ ಎದ್ದು ತಣ್ಣನೆಯ ಮೈಯಲ್ಲಿ ರಂಗಕ್ಕೆ ಜಿಗಿಯುವುದು. ಹಿಂತೊಡೆಯ ಸ್ನಾಯು ಹಿಡಿದುಕೊಳ್ಳುವುದು, ಹಿಮ್ಮಡಿಯ ನರ ಸೆಳೆಯುವುದು ಇದರಿಂದಲೇ. ಬಣ್ಣ ಮುಗಿದ ಮೇಲೆ, ಗೆಜ್ಜೆ ಕಟ್ಟುವ ಮೊದಲು ಹತ್ತು ನಿಮಿಷ ನಿಂತು ಕಾಲು ಬಿಸಿ ಮಾಡಿಕೊಳ್ಳಬೇಕು: ಅರ್ಧಕ್ಕೆ ಕೂತು ಏಳುವುದು ಹದಿನೈದು, ಹಿಮ್ಮಡಿ ಎತ್ತಿ ಇಳಿಸುವುದು ಇಪ್ಪತ್ತು, ಬಾಯಿತಾಳ ಹೇಳುತ್ತ ನಿಧಾನ ಲಯದಲ್ಲಿ ಹೆಜ್ಜೆ ಎರಡು ಸುತ್ತು. ಉಡುಗೆಯ ಒಳಗೆ ಮೊಣಕಾಲಿಗೆ ಸ್ಪಾಂಜಿನ ಪ್ಯಾಡ್ ಕಟ್ಟಿಕೊಂಡರೆ ನಾಚಿಕೆಯೇನಿಲ್ಲ, ಸಭೆಗೆ ಅದು ಕಾಣುವುದೂ ಇಲ್ಲ.

ಮಳೆಗಾಲದಲ್ಲಿ ಮೊದಲ ಎರಡು ವಾರ ಪೂರ್ತಿ ವಿಶ್ರಾಂತಿ. ಆಮೇಲೆ ವಾರಕ್ಕೆ ಮೂರು ದಿನ ತೊಡೆಗೆ ಬಲ ತುಂಬುವ ಕೆಲಸ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯ ಹಾಗೆ ಕೂರುವುದು ಮೂವತ್ತು ಸೆಕೆಂಡಿನಂತೆ ನಾಲ್ಕು ಸಲ. ಮೆಟ್ಟಿಲಿನಿಂದ ಒಂದೇ ಕಾಲಲ್ಲಿ ನಿಧಾನ ಇಳಿಯುವುದು ಹದಿನೈದರಂತೆ ಮೂರು ಸಲ. ಹಿಮ್ಮಡಿ ಎತ್ತುವುದು ಇಪ್ಪತ್ತರಂತೆ ಮೂರು ಸಲ. ಪರಿಣಾಮ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು, ಅಂದರೆ ಸೆಪ್ಟೆಂಬರಿನಲ್ಲಿ ಶುರು ಮಾಡಿದರೆ ತಡವಾಯಿತು. ಮೆಟ್ಟಿಲು ಇಳಿಯುವಾಗ ಮೊಣಕಾಲ ಒಳಗೆ ಚುಚ್ಚಿದರೆ, ಕೂತು ಏಳುವಾಗ ಕಾಲು ಸಿಕ್ಕಿಕೊಂಡಂತಾದರೆ ಮೂಳೆ ಡಾಕ್ಟರಿಗೆ ತೋರಿಸಿ. ತಿರುಗಾಟದ ನಡುವೆ ದಿನಾ ರಾತ್ರಿ ನೋವಿನ ಮಾತ್ರೆ ನುಂಗಿ ಕುಣಿಯುವ ರೂಢಿ ಹಲವರಿಗಿದೆ. ಮಾತ್ರೆ ನೋವನ್ನು ಮುಚ್ಚುತ್ತದೆ, ಒಳಗಿನ ಸವೆತ ಮುಂದುವರಿಯುತ್ತದೆ. ಖಾಲಿ ಹೊಟ್ಟೆಗೆ ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಪೆಟ್ಟು.

ವಯಸ್ಸಿಗೆ ಮುಂಚೆ ಪಾತ್ರ ಬದಲಾಯಿಸಿ

ಮೇಳದ ಮೆಟ್ಟಿಲು ಎಲ್ಲರಿಗೂ ಗೊತ್ತಿರುವುದೇ: ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ, ಸಣ್ಣಪುಟ್ಟ ಒಡ್ಡೋಲಗ (ಪಾತ್ರಪ್ರವೇಶದ ಕುಣಿತ), ಪುಂಡುವೇಷ, ಆಮೇಲೆ ಪುರುಷವೇಷ, ಎರಡನೇ ವೇಷದಂಥ ಪ್ರಧಾನ ಪಾತ್ರಗಳು. ಗೊತ್ತಿಲ್ಲದೆ ಎಡವುವುದು ಪುಂಡುವೇಷದಿಂದ ಮುಂದಿನ ಮೆಟ್ಟಿಲಿನಲ್ಲಿ. ಇಪ್ಪತ್ತೈದರಲ್ಲಿ ಹೆಸರು ಮಾಡಿದ ಅಭಿಮನ್ಯುವನ್ನು ಸಂಘಟಕರು ನಲವತ್ತರಲ್ಲೂ ಅಭಿಮನ್ಯುವಿಗೇ ಕರೆಯುತ್ತಾರೆ. ಒಂದು ದಿನ ಮೈ ಒಲ್ಲೆ ಎನ್ನುತ್ತದೆ, ಬೇರೆ ಪಾತ್ರ ಕೈಯಲ್ಲಿರುವುದಿಲ್ಲ.

ಆದ್ದರಿಂದ ಮುಂದಿನ ಹತ್ತು ವರ್ಷದ ಪಾತ್ರವನ್ನು ಈಗಿನ ಹತ್ತು ವರ್ಷದಲ್ಲೇ ಕಲಿಯಬೇಕು. ಅಭಿಮನ್ಯು ಮಾಡುತ್ತಿರುವಾಗಲೇ ಸುಧನ್ವ, ಅರ್ಜುನ. ಅರ್ಜುನ ಮಾಡುತ್ತಿರುವಾಗ ಕೀಚಕ, ಗದಾಯುದ್ಧದ ಕೌರವ. ಐವತ್ತು ಹತ್ತಿರವಾಗುವ ಮುಂಚೆ ಭೀಷ್ಮ, ಕರ್ಣ, ಹರಿಶ್ಚಂದ್ರ, ಋತುಪರ್ಣ. ಇವು ಹೆಜ್ಜೆಗಿಂತ ನಿಲುವು, ಮಾತು, ಕಣ್ಣಿನ ಮೇಲೆ ನಿಲ್ಲುವ ಪಾತ್ರಗಳು. ಮಳೆಗಾಲಕ್ಕೆ ಎರಡೇ ಹೊಸ ಪಾತ್ರ ಸಾಕು: ಪದ್ಯ ಪೂರ್ತಿ ಬಾಯಿಪಾಠ, ಪ್ರತಿ ಪದ್ಯದ ತಾಳ ಗುರುತು, ಭಾಗವತರೊಬ್ಬರ ಎದುರು ಕೂತು ಮೂರು ಸಲ ಓಟ. ವರ್ಷಕ್ಕೆ ಎರಡರಂತೆ ಹತ್ತು ವರ್ಷಕ್ಕೆ ಇಪ್ಪತ್ತು ಪಾತ್ರ ಆಯಿತು. ಹೊಸ ಪಾತ್ರವನ್ನು ದೊಡ್ಡ ಊರಿನ ಆಟದಲ್ಲಿ ಮೊದಲ ಸಲ ಮಾಡಬೇಡಿ. ಬದಲಿ ಬೇಕಾದ ಸಣ್ಣ ಆಟಕ್ಕೆ ಕಾದು, ಕಡಿಮೆ ವೀಳ್ಯಕ್ಕಾದರೂ (ಸಂಭಾವನೆಗಾದರೂ) ಒಪ್ಪಿ, ಮೂರು ನಾಲ್ಕು ಸಲ ಕೈ ಪಳಗಿಸಿಕೊಳ್ಳಿ.

ಜೊತೆಗೆ ಮದ್ದಲೆಯನ್ನೋ ಚಂಡೆಯನ್ನೋ ಏಳೂ ತಾಳ ಹಿಡಿಯುವಷ್ಟಾದರೂ ಕಲಿತಿರಬೇಕು. ತರಗತಿ ನಡೆಸುವ ದಿನ ಹಿಮ್ಮೇಳದವರು ಬರದಿದ್ದರೆ ಪಾಠ ನಿಲ್ಲುವುದಿಲ್ಲ.

ತಾಳಮದ್ದಳೆಗೆ ಒಂದು ನೋಟ್‌ಬುಕ್

ಕಾಲು ಸೋತವನನ್ನು ಕಾಯುವುದು ತಾಳಮದ್ದಳೆ, ಕೂತು ಹಾಡು ಮಾತುಗಳಲ್ಲೇ ಪ್ರಸಂಗ ನಡೆಸುವ ಕೂಟ. ವೇಷವಿಲ್ಲ, ಕುಣಿತವಿಲ್ಲ, ಮಳೆ ಸುರಿಯುತ್ತಿದ್ದರೂ ದೇವಸ್ಥಾನದ ಚಂದ್ರಶಾಲೆಯಲ್ಲಿ, ಮನೆಯ ಜಗಲಿಯಲ್ಲಿ ನಡೆಯುತ್ತದೆ. ಆದರೆ ರಂಗದಲ್ಲಿ ಮಾತಾಡಿ ರೂಢಿಯಿದ್ದ ಮಾತ್ರಕ್ಕೆ ಅರ್ಥಧಾರಿ (ಕೂಟದಲ್ಲಿ ಪಾತ್ರದ ಮಾತಾಡುವವ) ಆಗುವುದಿಲ್ಲ. ಆಟದಲ್ಲಿ ಮಾತು ಸಾಲದಾದಾಗ ಕುಣಿತ ಕೈ ಹಿಡಿಯುತ್ತದೆ, ಇಲ್ಲಿ ಎದುರಿನವ ಆ ಮಾತಿನಲ್ಲೇ ಸಿಕ್ಕಿಸುತ್ತಾನೆ.

ತಯಾರಿಗೆ ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಎಡ ಪುಟದಲ್ಲಿ ಪದ್ಯ, ಬಲ ಪುಟದ ಮೇಲರ್ಧದಲ್ಲಿ ನಿಮ್ಮ ಮಾತಿನ ಅಂಶಗಳು, ಕೆಳಗರ್ಧದಲ್ಲಿ ಎದುರಿನವ ಕೇಳಬಹುದಾದ್ದು. ವಾಲಿವಧೆಯ ವಾಲಿಯನ್ನೇ ತೆಗೆದುಕೊಳ್ಳೋಣ. ಬಾಣ ತಾಗಿ ಬಿದ್ದ ವಾಲಿಯ ಪ್ರಶ್ನೆ ಒಂದೇ: ಮರೆಯಲ್ಲಿ ನಿಂತು ಹೊಡೆದೆ ಏಕೆ? ರಾಮನಿಗೆ ರಾಮಾಯಣದಲ್ಲೇ ಮೂರು ಉತ್ತರಗಳಿವೆ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಅದಕ್ಕೆ ದಂಡನೆ. ಈ ನೆಲ ಇಕ್ಷ್ವಾಕುಗಳದ್ದು, ಭರತನ ಆಜ್ಞೆಯಂತೆ ಧರ್ಮ ಕಾಯುವುದು ನನ್ನ ಕೆಲಸ. ನೀನು ವಾನರ, ಮೃಗವನ್ನು ಮರೆಯಿಂದ ಹೊಡೆದರೆ ದೋಷವಿಲ್ಲ. ಈ ಮೂರಕ್ಕೂ ವಾಲಿಯ ಮರುಮಾತನ್ನು ಮೊದಲೇ ಬರೆದುಕೊಳ್ಳಬೇಕು. ಮೃಗ ಎಂದಾದರೆ ಮೃಗಕ್ಕೆ ಪರಸ್ತ್ರೀ ಎಂಬ ಕಟ್ಟಳೆ ಎಲ್ಲಿಯದು? ಕಟ್ಟಳೆ ಇದೆ ಎಂದಾದರೆ ನಾನು ಮೃಗ ಹೇಗೆ? ಮೊದಲ ಉತ್ತರವೂ ಮೂರನೆಯದೂ ಒಂದಕ್ಕೊಂದು ಹೊಡೆಯುತ್ತವೆ ಎಂದು ಕಂಡುಕೊಂಡ ವಾಲಿಗೆ ಹತ್ತು ನಿಮಿಷದ ಬಂಡವಾಳ ಸಿಕ್ಕಿತು. ರಾಮನ ಅರ್ಥ ಹೇಳುವವನಿಗೂ ಇದೇ ನೋಟ್‌ಬುಕ್ ತಿರುವಿ ಹಾಕಿದರೆ ತಯಾರಿ. ಕೊನೆಗೆ ಸೋಲುವುದು ವಾಲಿಯೇ, ಕತೆ ಹಾಗಿದೆ. ಗೆಲ್ಲಲೇಬೇಕು ಎಂಬ ಹಟಕ್ಕೆ ಬಿದ್ದು ಪ್ರಸಂಗವನ್ನೇ ಕೆಡಿಸಿದವನನ್ನು ಮುಂದಿನ ಸಲ ಕರೆಯುವುದಿಲ್ಲ.

ಮೂರು ಗಂಟೆಯ ಕೂಟದಲ್ಲಿ ಐದು ಅರ್ಥಧಾರಿಗಳಿದ್ದು, ಪದ್ಯಕ್ಕೆ ಒಂದು ಗಂಟೆ ಹೋದರೆ ತಲೆಗೆ ಬರುವುದು ಇಪ್ಪತ್ನಾಲ್ಕು ನಿಮಿಷ. ಪೀಠಿಕೆಗೇ ಇಪ್ಪತ್ತು ನಿಮಿಷ ತಿಂದವನಿಗೆ ಸಂವಾದದಲ್ಲಿ ಉಳಿಯುವುದು ನಾಲ್ಕು. ಮನೆಯಲ್ಲಿ ಮೊಬೈಲಿನಲ್ಲಿ ಹೊತ್ತು ಇಟ್ಟು ಪೀಠಿಕೆಯನ್ನು ಆರು ನಿಮಿಷಕ್ಕೆ ಇಳಿಸಿ.

ಮುಂಗಡ ಎಂಬ ಸುಳಿ

ಜೂನ್‌ನಲ್ಲಿ ಕೈ ಖಾಲಿಯಾಗುತ್ತದೆ. ಮಕ್ಕಳ ಶಾಲೆ ಫೀಸು, ತೋಟವಿದ್ದವರಿಗೆ ಅಡಿಕೆಯ ಕೊಳೆರೋಗದ ಔಷಧಿಯ ಖರ್ಚು. ಮುಂದಿನ ತಿರುಗಾಟದ ಮುಂಗಡಕ್ಕೆ ಸಹಿ ಬೀಳುವುದು ಆಗಲೇ. ಉದಾಹರಣೆಗೆ ಒಂದು ಲೆಕ್ಕ: 150 ರಾತ್ರಿ, ರಾತ್ರಿಗೆ 1,500 ರೂಪಾಯಿ, ಒಟ್ಟು 2,25,000. ಅದರಲ್ಲಿ 60,000 ಮುಂಗಡ ತಿಂದಾಗಿದ್ದರೆ ತಿರುಗಾಟದಲ್ಲಿ ಕೈಗೆ ಬರುವುದು 1,65,000. ಏಳು ತಿಂಗಳು ಅದರಲ್ಲೇ ಕಳೆದು ಮತ್ತೆ ಜೂನ್‌ಗೆ ಖಾಲಿ, ಮತ್ತೆ ಮುಂಗಡ. ಇದಕ್ಕಿಂತ ಕೆಟ್ಟದ್ದೆಂದರೆ ಪಾತ್ರ, ಸಂಬಳ ಯಾವುದರಲ್ಲೂ ಚೌಕಾಸಿಗೆ ನಿಲ್ಲುವ ಬಲ ಹೋಗುತ್ತದೆ.

ಸುಳಿಯಿಂದ ಹೊರಬರಲು ಒಂದೇ ವರ್ಷ ಸಾಲದು, ಮೂರು ವರ್ಷ ಹಿಡಿಯುತ್ತದೆ. ಎರಡನೆಯ ಬ್ಯಾಂಕ್ ಖಾತೆ ತೆರೆದು, ಎಟಿಎಂ ಕಾರ್ಡ್ ತೆಗೆದುಕೊಳ್ಳದೆ, ಸಿಕ್ಕಿದ ಪ್ರತಿ ಸಂಬಳದ ಮೂರನೇ ಒಂದು ಪಾಲು ಅದಕ್ಕೆ ಹಾಕಬೇಕು. ಮೇಲಿನ ಲೆಕ್ಕದಲ್ಲಿ ಮುಂಗಡವಿಲ್ಲದಿದ್ದರೆ ಅದು 75,000, ಅಂದರೆ ಮಳೆಗಾಲದ ಐದು ತಿಂಗಳಿಗೆ ತಿಂಗಳಿಗೆ 15,000. ಮೊದಲ ವರ್ಷ ಮುಂಗಡವನ್ನು 60ರಿಂದ 40 ಸಾವಿರಕ್ಕೆ, ಎರಡನೇ ವರ್ಷ 20ಕ್ಕೆ ಇಳಿಸಿ, ಮೂರನೇ ವರ್ಷ ನಿಲ್ಲಿಸಿ.

ಒಪ್ಪಂದ ಬಾಯಿಮಾತಿನಲ್ಲಿ ಆಗುವ ಕ್ಷೇತ್ರ ಇದು. ಬರೆದುಕೊಡಿ ಎಂದರೆ ಮೇಳದ ಯಜಮಾನರು ಮುಖ ಸಿಂಡರಿಸಬಹುದು. ಆಗ ವಾಟ್ಸಾಪಿನಲ್ಲಿ ನೀವೇ ಒಂದು ಸಂದೇಶ ಕಳಿಸಿ: "ಯಜಮಾನ್ರೆ, ಇವತ್ತು ಮಾತಾಡಿದಂತೆ ಇಷ್ಟು ರಾತ್ರಿ, ಇಷ್ಟು ಸಂಬಳ, ಇಂಥ ವೇಷ, ಮಳೆಯಿಂದ ಆಟ ನಿಂತರೆ ಅರ್ಧ, ತಿಂಗಳಿಗೆ ಎರಡು ರಜೆ, ರಜೆಯ ದಿನ ಅತಿಥಿಯಾಗಿ ಬೇರೆಡೆ ಹೋಗಬಹುದು. ತಪ್ಪಿದ್ದರೆ ತಿಳಿಸಿ." ಅವರು ಸರಿ ಎಂದರೂ ಸಾಕು, ನಾಳೆ ತಕರಾರಾದರೆ ತೋರಿಸಲು ಏನಾದರೂ ಇರುತ್ತದೆ. ವಿಡಿಯೋ ಹಕ್ಕಿನ ಮಾತನ್ನೂ ಸೇರಿಸಿ. ಇಡೀ ಆಟವನ್ನು ನೇರಪ್ರಸಾರ ಮಾಡಿ ಯೂಟ್ಯೂಬಿಗೆ ಬಿಟ್ಟ ಮೇಲೆ ಕೇಳಿ ಪ್ರಯೋಜನವಿಲ್ಲ. ಶಿರಸಿ, ಸಿದ್ದಾಪುರ ಕಡೆಯವರಿಗೆ ಇನ್ನೂ ಒಂದು ಷರತ್ತು ಬೇಕಾಗುತ್ತದೆ: ಅಡಿಕೆ ಕೊನೆಕೊಯ್ಲು ತಿರುಗಾಟದ ನಟ್ಟನಡುವೆ ಬರುತ್ತದೆ, ಆ ರಜೆಯನ್ನು ಜೂನ್‌ನಲ್ಲೇ ಹೇಳಿಟ್ಟಿರಬೇಕು.

ಕಾಗದ

ಮಾಸಾಶನ, ಫೆಲೋಶಿಪ್, ಪ್ರಶಸ್ತಿ ಎಲ್ಲವೂ ಕೇಳುವುದು ಪುರಾವೆ. ಮೂವತ್ತು ವರ್ಷ ಕುಣಿದವರ ಬಳಿ ಮೂರು ಕರಪತ್ರವೂ ಇರುವುದಿಲ್ಲ. ಇದ್ದರೂ "ಮತ್ತು ಇತರ ಕಲಾವಿದರು" ಎಂಬಲ್ಲಿ ಹೆಸರು ಹೋಗಿರುತ್ತದೆ. ಮೊದಲ ಆಟದಿಂದಲೇ ಒಂದು ದಿನಚರಿ ಇಡಿ: ತಾರೀಕು, ಊರು, ಪ್ರಸಂಗ, ಪಾತ್ರ, ಭಾಗವತರು, ಸಿಕ್ಕಿದ ಹಣ. ಹೆಸರಿರುವ ಕರಪತ್ರ, ಪತ್ರಿಕೆಯ ಸುದ್ದಿ ಸಿಕ್ಕಿದ ದಿನವೇ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ; ನಮ್ಮ ಮಳೆಗೆ ಕಾಗದ ಎರಡು ವರ್ಷಕ್ಕೆ ಬೂಸಲು ಹಿಡಿಯುತ್ತದೆ. ಸಂಘಟಕರ ಲೆಟರ್‌ಹೆಡ್‌ನಲ್ಲಿ ಹೆಸರು, ದಿನ, ಪಾತ್ರ ಇರುವ ಎರಡು ಸಾಲಿನ ಪತ್ರ ವರ್ಷಕ್ಕೆ ಐದಾರಾದರೂ ಇರಲಿ.

ಹೆಸರಿನ ತೊಡಕು ನಮ್ಮವರಿಗೆ ವಿಶೇಷ. ರಂಗದಲ್ಲಿ ಊರಿನ ಹೆಸರಿನಿಂದ ಖ್ಯಾತಿ, ಆಧಾರ್ ಕಾರ್ಡಿನಲ್ಲಿ ಮನೆತನದ ಹೆಸರು. ಅರ್ಜಿ ಪರಿಶೀಲಿಸುವವರಿಗೆ ಇಬ್ಬರೂ ಒಬ್ಬರೇ ಎಂದು ಗೊತ್ತಾಗುವುದು ಹೇಗೆ? ನೋಟರಿಯಲ್ಲಿ ಒಂದು ಪ್ರಮಾಣಪತ್ರ ಮಾಡಿಸಿಟ್ಟರೆ ಮುಗಿಯಿತು.

ಯಾವ ವಯಸ್ಸಿಗೆ ಏನಿದೆ: ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000ದಂತೆ ಎರಡು ವರ್ಷ. ಕಿರಿಯ ಫೆಲೋಶಿಪ್ 25ರಿಂದ 40ರವರಿಗೆ 10,000, ಹಿರಿಯದ್ದು 40 ದಾಟಿದವರಿಗೆ 20,000, ಅವೂ ಎರಡೆರಡು ವರ್ಷ. ಫೆಲೋಶಿಪ್ ಬರುವುದು ಅಧ್ಯಯನ, ಸಂಶೋಧನೆಗೆ; "ನನಗೆ ಯಕ್ಷಗಾನ ಗೊತ್ತು" ಎಂದು ಬರೆದ ಅರ್ಜಿ ಬಿದ್ದುಹೋಗುತ್ತದೆ. ಬಡಾಬಡಗಿನ (ಉತ್ತರ ಕನ್ನಡದ ಶೈಲಿಯ) ಇಂಥ ಒಡ್ಡೋಲಗದ ಹೆಜ್ಜೆಗಳನ್ನು ಇಂತಿಷ್ಟು ಹಿರಿಯರಿಂದ ದಾಖಲಿಸುತ್ತೇನೆ ಎಂಬಂತೆ ಗುರಿ ಸಣ್ಣದಾಗಿ, ಖಚಿತವಾಗಿ ಇರಬೇಕು. ರಾಜ್ಯದ ಮಾಸಾಶನಕ್ಕೆ 58 ತುಂಬಿರಬೇಕು. ನಿಯಮ, ಮೊತ್ತ ಬದಲಾಗುತ್ತಿರುತ್ತವೆ, ಆ ವರ್ಷದ ಪ್ರಕಟಣೆ ನೋಡಿಯೇ ಹೊರಡಿ. ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗಿ ಒಂದು ಕಾಗದ ಕಡಿಮೆಯಾಗಿ ವಾಪಸ್ಸು ಬಂದರೆ ಘಟ್ಟದ ಮೇಲಿನವರಿಗೆ ಇಡೀ ದಿನ ಹಾಳು.

ಇವುಗಳನ್ನು ನಂಬಿ ಕೂರುವಂತಿಲ್ಲ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆ ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ ಕೊಡುತ್ತದೆ. ರಾತ್ರಿಯಿಡೀ ಕುಣಿದು ಬೆಳಗಿನ ಜಾವ ಬೈಕಿನಲ್ಲಿ ಮನೆ ಸೇರುವವರು ಅದಿಲ್ಲದೆ ಇರುವುದು ತಪ್ಪು. ಆದಾಯ ತೆರಿಗೆ ಕಟ್ಟದವರಿಗೆ ಅಟಲ್ ಪಿಂಚಣಿ ಇದೆ: 60ರ ನಂತರ ತಿಂಗಳಿಗೆ 5,000 ಬೇಕಾದರೆ 18ನೇ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ 210 ಕಟ್ಟಬೇಕು, 30ರಲ್ಲಿ ಸೇರಿದವರು 577. ನಲವತ್ತರ ನಂತರ ಬಾಗಿಲು ಮುಚ್ಚುತ್ತದೆ.

ಬಣ್ಣ, ಗಂಟಲು, ಪೆಟ್ಟಿಗೆ

ಹಳೆಯ ಬಣ್ಣಗಳಲ್ಲಿ ಅರದಾಳ ಶಂಖಪಾಷಾಣದ (ಆರ್ಸೆನಿಕ್) ಕುಲದ್ದು, ಇಂಗಳೀಕದಲ್ಲಿ ಪಾದರಸ, ಎರಡೂ ವಿಷವೇ. ಚರ್ಮದ ಮೇಲೆ ಮೊದಲು ಕೊಬ್ಬರಿ ಎಣ್ಣೆಯ ತೆಳು ಲೇಪ, ತುಟಿಗೆ ಮತ್ತು ಕಣ್ಣಿನ ಅಂಚಿಗೆ ಇವನ್ನು ಬಳಸದಿರುವುದು, ಆಟ ಮುಗಿದ ಅರ್ಧ ಗಂಟೆಯೊಳಗೆ ಎಣ್ಣೆ ಹಚ್ಚಿ ಒರೆಸಿ ತೊಳೆಯುವುದು. ಬಣ್ಣದಲ್ಲೇ ವ್ಯಾನಿನಲ್ಲಿ ಮಲಗಿ ನಿದ್ದೆ ಹೋಗುವುದು ಬೇಡ.

ಗಂಟಲು ಕೆಡುವುದಕ್ಕೆ ಕೂಗುವುದು ಒಂದು ಕಾರಣ, ಬೆಳಗ್ಗೆ ಆಟ ಮುಗಿಸಿ ಹೊಟ್ಟೆ ತುಂಬ ತಿಂದು ತಕ್ಷಣ ಮಲಗುವುದು ಇನ್ನೊಂದು. ಹುಳಿತೇಗು ಮೇಲೆ ಬಂದು ಧ್ವನಿಪೆಟ್ಟಿಗೆಯನ್ನು ಸುಡುತ್ತದೆ, ಎದ್ದಾಗ ಸ್ವರ ಒರಟಾಗಿರುತ್ತದೆ. ಆಟಕ್ಕೆ ಮೊದಲೇ ಊಟ ಮುಗಿಸಿ, ಬೆಳಗ್ಗೆ ಗಂಜಿಯಷ್ಟೇ ಸಾಕು.

ಸ್ವಂತ ವೇಷಭೂಷಣ ಇದ್ದವರು ಮೇ ತಿಂಗಳಲ್ಲೇ ಬಟ್ಟೆಗಳನ್ನು ಎರಡು ದಿನ ಬಿಸಿಲಿಗೆ ಹಾಕಬೇಕು. ಬೇಗಡೆ ಅಂಟಿಸಿದ ಮರದ ಆಭರಣಗಳನ್ನು ಮಾತ್ರ ನೆರಳಲ್ಲಿ. ಬಿಸಿಲಿಗೆ ಅಂಟು ಬಿಡುತ್ತದೆ. ಸುತ್ತಿಡಲು ಹಳೆಯ ಹತ್ತಿ ಸೀರೆಯೇ ಒಳ್ಳೆಯದು. ಪ್ಲಾಸ್ಟಿಕ್ ಚೀಲದೊಳಗೆ ತೇವ ಸಿಕ್ಕಿಕೊಂಡು ಮಖಮಲ್ಲಿಗೆ ಜುಲೈಗೇ ಬೂಸಲು ಬಂದಿರುತ್ತದೆ. ನಡುನಡುವೆ ಒಲೆಯ ಮೇಲಿನ ಅಟ್ಟದಲ್ಲಿ ಒಂದೊಂದು ದಿನ ಇಟ್ಟು ತೆಗೆಯಿರಿ.

ಪಾಠ ಮತ್ತು ಪೇಟೆ

ಮಳೆಗಾಲದ ಗಟ್ಟಿ ಆದಾಯ ಮಕ್ಕಳ ತರಗತಿ. ಹನ್ನೆರಡರಿಂದ ಹದಿನೈದು ಮಕ್ಕಳ ಒಂದು ತಂಡ, ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ, ಹದಿನಾರು ವಾರ. ಮೊದಲ ಐದು ವಾರ ತಾಳ ಮತ್ತು ಹೆಜ್ಜೆ ಮಾತ್ರ, ಆಮೇಲೆ ಮುಕ್ಕಾಲು ಗಂಟೆಯ ಒಂದು ಪ್ರಸಂಗ. ಹೆತ್ತವರು ಎರಡನೇ ವಾರಕ್ಕೇ "ನಮ್ಮ ಪಾಪುಗೆ ಯಾವ ವೇಷ?" ಎಂದು ಕೇಳುತ್ತಾರೆ; ಹತ್ತನೇ ವಾರದವರೆಗೆ ಹೇಳಬೇಡಿ, ಹೇಳಿದರೆ ಸಣ್ಣ ವೇಷ ಬಂದವರು ಬಿಟ್ಟು ಹೋಗುತ್ತಾರೆ. ಫೀಸು ಎರಡು ಕಂತು, ಮೊದಲನೆಯದು ಸೇರುವ ದಿನ. ಪ್ರದರ್ಶನದ ವೇಷಭೂಷಣ ಬಾಡಿಗೆ, ಹಿಮ್ಮೇಳದ ಸಂಭಾವನೆ ಬೇರೆ ಎಂದು ಮೊದಲೇ ಹೇಳಿರಬೇಕು. ಕೊನೆಗೆ ಹೇಳಿದವರು ಕೈಯಿಂದ ಹಾಕಿಕೊಳ್ಳುತ್ತಾರೆ. ಮೇಳದ ತಿರುಗಾಟಕ್ಕೆ ಹೋಗಲು ಆಗದ ಎಷ್ಟೋ ಹೆಣ್ಣುಮಕ್ಕಳು ಇಂಥ ತರಗತಿಗಳಿಂದಲೇ ಬಂದು ಕಾಲಮಿತಿ ಆಟಗಳಲ್ಲಿ ಗಟ್ಟಿಯಾಗಿ ನೆಲೆ ನಿಂತಿದ್ದಾರೆ.

ಬೆಂಗಳೂರು, ಮುಂಬಯಿಗೆ ಒಂದೇ ಆಟಕ್ಕೆ ಹೋಗಬೇಡಿ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಸಂಜೆ ಒಂದು ಆಟ, ಭಾನುವಾರ ಬೆಳಗ್ಗೆ ತಾಳಮದ್ದಳೆಯೋ ಕಾರ್ಯಾಗಾರವೋ, ಸಂಜೆ ಇನ್ನೊಂದು ಆಟ ಎಂದು ಮೂರು ಹೊಂದಿಸಿದರೆ ಪ್ರಯಾಣದ ಖರ್ಚು ಹಂಚಿಹೋಗುತ್ತದೆ. ಟಿಕೆಟ್ ದುಡ್ಡು ಹೊರಡುವ ಮೊದಲೇ ಖಾತೆಗೆ ಬಂದಿರಲಿ. ಸಂಸ್ಥೆಯವರು ತೆರಿಗೆ ಹಿಡಿದುಕೊಂಡರೆ ಪ್ಯಾನ್ ನಂಬರು ಕೊಟ್ಟಿದ್ದೀರಾ ನೋಡಿಕೊಳ್ಳಿ, ಕೊಡದಿದ್ದರೆ ಹಿಡಿತ 20 ಶೇಕಡಾಕ್ಕೆ ಏರುತ್ತದೆ. ರಿಟರ್ನ್ ಹಾಕಿದರೆ ಹೆಚ್ಚಿಗೆ ಹಿಡಿದದ್ದು ವಾಪಸ್ಸು ಬರುತ್ತದೆ.

ಐವತ್ತೈದರ ನಂತರ ತಿಂಗಳಿಗೆ ಎಷ್ಟು ವೇಷ ಎಂದು ನೀವೇ ಗೆರೆ ಹಾಕಿ, ಎಂಟೋ ಹತ್ತೋ. ಗೆರೆ ಮೀರಿ ಬಂದ ಕರೆಗೆ ಶಿಷ್ಯನ ಹೆಸರು ಹೇಳಿ. ಸಂಘಟಕರು ಒಪ್ಪದಿದ್ದರೆ ಅದೇ ಆಟದಲ್ಲಿ ಪೂರ್ವಾರ್ಧದ ಪಾತ್ರ ಅವನಿಗೆ, ಉತ್ತರಾರ್ಧದ್ದು ನಿಮಗೆ ಎಂದು ಹಂಚಿಕೊಡಬಹುದು. ಬಡಗಿನಲ್ಲಿ ಒಂದೇ ಪಾತ್ರವನ್ನು ಇಬ್ಬರು ಮಾಡುವುದು ಹೊಸತೇನಲ್ಲ, ಸಭೆಯೂ ಒಪ್ಪುತ್ತದೆ.